ಸಮ ಚಿಹ್ನೆಯ ಆಚೆ ಈಚೆ

ಕೇಳುಗರಿಗೆ ನಮಸ್ಕಾರ. ಪೆನ್ಸಿಲ್, ಕಾಗದ ಹತ್ತಿರದಲ್ಲಿದ್ದರೆ ತೆಗೆದುಕೊಳ್ಳಿ. ರೇಡಿಯೊದಲ್ಲಿ ಬರೆದು ತೋರಿಸೋಕೆ ಆಗಲ್ಲವಲ್ಲ, ಹಾಗಾಗಿ ಬರೆಯುವ ಕೆಲಸ ನಿಮ್ಮದು.

8 ಕೂಡಿಸು 4. ಮುಂದೆ ಸಮ ಚಿಹ್ನೆ. ಆಮೇಲೆ ಒಂದು ಖಾಲಿ ಚೌಕ, ಅದರ ಪಕ್ಕ ಕೂಡಿಸು 5. ಚೌಕದಲ್ಲಿ ಏನು ಬರಬೇಕು?

ಚಿಕ್ಕ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಬಹಳ ಮಕ್ಕಳು 12 ಅನ್ನುತ್ತಾರೆ. ಕೆಲವರು ಕಣ್ಣಿಗೆ ಬಿದ್ದದ್ದನ್ನೆಲ್ಲ ಕೂಡಿಸಿ 17 ಅನ್ನುತ್ತಾರೆ. ಬರಬೇಕಾದದ್ದು 7.

ಈ ಮಕ್ಕಳಿಗೆ ಕೂಡೋದು ಬರುತ್ತದೆ. 8ಕ್ಕೆ 4 ಸೇರಿದರೆ 12 ತಾನೇ? ಅವರು ಎಡವುವುದು ಸಮ ಚಿಹ್ನೆಯ ಹತ್ತಿರ. 'ಈಗ ಉತ್ತರ ಬರಿ' ಅನ್ನೋ ಅಪ್ಪಣೆ ಅದು ಅಂತ ತಿಳಿದುಕೊಂಡಿರುತ್ತಾರೆ. ತಿಳಿಯದೆ ಇನ್ನೇನು ಮಾಡ್ತಾರೆ? ನಾವು ಕೊಡುವ ಲೆಕ್ಕಗಳಲ್ಲಿ ಉತ್ತರದ ಜಾಗ ಹೆಚ್ಚುಕಮ್ಮಿ ಯಾವಾಗಲೂ ಬಲಗಡೆ, ಕೊನೆಯಲ್ಲಿ.

ಈ ಚಿಹ್ನೆಯನ್ನು 1557ರಲ್ಲಿ ಮೊದಲು ಅಚ್ಚು ಹಾಕಿಸಿದವನು ವೇಲ್ಸ್‌ನ ರಾಬರ್ಟ್ ರೆಕಾರ್ಡ್. 'ಇದಕ್ಕೆ ಸಮ' ಅಂತ ಮತ್ತೆ ಮತ್ತೆ ಬರೆದು ಬೇಜಾರಾಗಿ, ಒಂದೇ ಉದ್ದದ ಎರಡು ಗೆರೆ ಎಳೆದ. ಇವೆರಡಕ್ಕಿಂತ ಸಮವಾದದ್ದು ಬೇರೇನಿದೆ ಅನ್ನೋದು ಅವನ ವಾದ. ಅವನ ಗೆರೆಗಳು ಈಗಿನದಕ್ಕಿಂತ ತುಂಬಾ ಉದ್ದ ಇದ್ದವು. ಅಂದರೆ ಆ ಚಿಹ್ನೆ ಹೇಳುವುದು ಇಷ್ಟೇ: ಈ ಕಡೆಯದೂ ಆ ಕಡೆಯದೂ ಒಂದೇ ಬೆಲೆ.

ಹಾಗಾದರೆ 12 ಸಮ 5 ಕೂಡಿಸು 7 ಅಂತ ಬರೆದರೂ ಸರಿ. 7 ಸಮ 7 ಕೂಡ ಪೂರ್ತಿ ಗಣಿತ ವಾಕ್ಯವೇ. 'ಇದು ತಿರುಗಾಮುರುಗಾ ಆಗಿದೆ' ಅಂತ ಮಕ್ಕಳು ತಕರಾರು ತೆಗೆಯಬಹುದು, ತೆಗೆಯಲಿ. 6 ಕೂಡಿಸು 5 ಸಮ 10? ಅದೂ ವಾಕ್ಯವೇ, ಆದರೆ ಸುಳ್ಳು ವಾಕ್ಯ. ಉತ್ತರ ಕೇಳುವ ಬದಲು 'ಇದು ನಿಜವಾ, ಸುಳ್ಳಾ, ಹೇಗೆ ಗೊತ್ತು' ಅಂತ ಕೇಳೋದು ನನಗೆ ಜಾಸ್ತಿ ಇಷ್ಟ. ಮಗು ಆಗ ಎರಡೂ ಬದಿ ನೋಡಲೇಬೇಕು.

ಒಂದು ಚಾಳಿ ಮಾತ್ರ ದೊಡ್ಡವರದ್ದೂ ಹೌದು. 5 ಕೂಡಿಸು 3 ಸಮ 8, ಅಲ್ಲಿಗೇ ಕೂಡಿಸು 2 ಸಮ 10 ಅಂತ ಒಂದೇ ಸಾಲಲ್ಲಿ ಎಳೆದುಕೊಂಡು ಹೋಗುತ್ತೇವೆ. 5 ಕೂಡಿಸು 3 ಹತ್ತಕ್ಕೆ ಸಮ ಆಯಿತಲ್ಲ! ಎರಡು ಸಾಲಲ್ಲಿ ಬರೆದರೆ ಮುಗಿಯಿತು.

ಇನ್ನೊಂದು ಬರೆದುಕೊಳ್ಳಿ. 38 ಕೂಡಿಸು 27 ಸಮ 37 ಕೂಡಿಸು ಚೌಕ. ಇಲ್ಲಿ 65 ಅಂತ ಲೆಕ್ಕ ಹಾಕುವ ಗೋಜೇ ಬೇಡ. 38 ಒಂದು ಇಳಿದು 37 ಆಗಿದೆ, ಹಾಗಾಗಿ 27 ಒಂದು ಏರಬೇಕು. ಚೌಕದಲ್ಲಿ 28. ಇನ್ನು ಎರಡೂ ಕಡೆಯ 'ಕೂಡಿಸು' ಅಳಿಸಿ 'ಕಳೆ' ಅಂತ ಮಾಡಿ. ಈಗಲೂ 28 ಬರುತ್ತಾ? ಇಲ್ಲ, 26. ಯಾಕೆ ಏರದೆ ಇಳಿಯಿತು ಅಂತ ಮಗುವಿನ ಬಾಯಿಂದಲೇ ಕೇಳಿ, ನೀವು ಮೊದಲು ಹೇಳಬೇಡಿ.