11 ಪೇಪರ್‌ಗಳ ನಡುವೆ ಕಾಣದೆ ಹೋದ ಕೆಲಸ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ವೈದ್ಯೆಯಾಗಿರುವ ನನ್ನ ಬಳಿಗೆ, ಹಿಂದೆ ನನ್ನಿಂದ ಪಾಠ ಹೇಳಿಸಿಕೊಂಡ ಹುಡುಗಿಯೊಬ್ಬಳು ಅಮೆರಿಕದ ರೆಸಿಡೆನ್ಸಿಗೆ, ಅಂದರೆ ವೈದ್ಯ ಪದವಿಯ ನಂತರದ ತಜ್ಞ ತರಬೇತಿಗೆ, ಹಾಕಬೇಕಾದ ಅರ್ಜಿಯನ್ನು ತೋರಿಸಲು ಬಂದಿದ್ದಳು. ಸಂಶೋಧನೆಯ ಭಾಗದಲ್ಲಿ 11 ಪೇಪರ್‌ಗಳ ಪಟ್ಟಿ ಇತ್ತು. ನಾಲ್ಕನೆಯದರ ಮೇಲೆ ಬೆರಳಿಟ್ಟು, ‘ಇದಕ್ಕೆ ರೋಗಿಗಳನ್ನು ಆರಿಸಿಕೊಂಡದ್ದು ಹೇಗಮ್ಮ?’ ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ಆ ಪೇಪರಿನ ಉಳಿದ ಲೇಖಕರಲ್ಲಿ ಒಬ್ಬರ ಮುಖವನ್ನೂ ಅವಳು ನೋಡಿರಲಿಲ್ಲ. ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಹಣ ಕಟ್ಟಿದ್ದಕ್ಕೆ ಅವಳ ಹೆಸರೂ ಸೇರಿತ್ತು.

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಮೊದಲ ಹಂತದಲ್ಲಿ ಅಂಕ ಕೊಡುವುದನ್ನು 2022ರ ಜನವರಿಯಲ್ಲಿ ನಿಲ್ಲಿಸಿ, ಪಾಸು ಅಥವಾ ಫೇಲು ಎಂದಷ್ಟೇ ಹೇಳತೊಡಗಿದ ಮೇಲೆ, ಅಭ್ಯರ್ಥಿಗಳನ್ನು ಜರಡಿ ಹಿಡಿಯಲು ಇದ್ದ ಒಂದು ಸಂಖ್ಯೆ ಆಯ್ಕೆದಾರರ ಕೈತಪ್ಪಿತು. ವಿದ್ಯಾರ್ಥಿಗಳ ಕಣ್ಣು ಪೇಪರ್‌ಗಳ ಎಣಿಕೆಯ ಮೇಲೆ ಇನ್ನಷ್ಟು ನೆಟ್ಟಿತು. ಅಲ್ಲಿನ ಅಂಕಿಅಂಶಗಳು ಸಮ್ಮೇಳನದ ಸಾರಾಂಶ, ಪೋಸ್ಟರ್, ಪ್ರಕಟಿತ ಲೇಖನ ಎಲ್ಲವನ್ನೂ ಒಂದೇ ಲೆಕ್ಕಕ್ಕೆ ಸೇರಿಸುತ್ತವೆ. ನರಶಸ್ತ್ರಚಿಕಿತ್ಸೆಗೆ ಆಯ್ಕೆಯಾದ ಅಮೆರಿಕದ ವಿದ್ಯಾರ್ಥಿಗಳಲ್ಲಿ ಈ ಲೆಕ್ಕದ ಸರಾಸರಿ 20ನ್ನು ದಾಟಿದೆ. ಹಾಸನದಲ್ಲಿ ಕೂತು ಆ ಸಂಖ್ಯೆಯನ್ನು ನೋಡುವ ಹುಡುಗಿಗೆ ಎದೆ ಝಲ್ಲೆನ್ನದೆ ಇರುತ್ತದೆಯೇ?

ನಮ್ಮಲ್ಲಿ ಸಂಗತಿ ತಿರುವುಮುರುವು. ಸ್ನಾತಕೋತ್ತರ ವೈದ್ಯಕೀಯ ಸೀಟಿನ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯಲ್ಲಿ 200 ಪ್ರಶ್ನೆ, ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಕಡಿತ. ಸಿಕ್ಕ ರ್‍ಯಾಂಕೇ ಸೀಟನ್ನು ನಿರ್ಧರಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಅಲ್ಪಾವಧಿ ಸಂಶೋಧನಾ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದ್ದರೂ, ಅದನ್ನು ಪಡೆದವರಿಗೆ ಸೀಟಿನ ಸರದಿಯಲ್ಲಿ ಒಂದು ಹೆಜ್ಜೆಯೂ ಮುಂದೆ ಸಿಗುವುದಿಲ್ಲ. ಹೀಗಾಗಿ ನಮ್ಮ ಅನೇಕ ಪಿಜಿಗಳು ಸಂಶೋಧನೆಯನ್ನು ಮೊದಲು ಮುಟ್ಟುವುದೇ ಎಂಡಿ ಪ್ರಬಂಧಕ್ಕಾಗಿ, ಅದೂ ರಾತ್ರಿ ಡ್ಯೂಟಿಗಳ ನಡುವೆ.

ಅರ್ಜಿಯನ್ನು ಮಡಿಸಿಟ್ಟು, ‘ನೀನೇ ಕೈಯಾರೆ ಮಾಡಿದ್ದು ಏನಾದರೂ ಇದೆಯಾ?’ ಎಂದು ಕೇಳಿದೆ. ಇತ್ತು. ಇಂಟರ್ನ್‌ಶಿಪ್ ವೇಳೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ ಎರಡು ತಿಂಗಳು ಕೂತಿದ್ದಳು. ಎದೆನೋವಿನಿಂದ ಬಂದವರ ಕೇಸ್ ಶೀಟುಗಳ ಕಟ್ಟು ಬಿಚ್ಚಿ, ನೋವು ಶುರುವಾದ ಹೊತ್ತು, ಆಸ್ಪತ್ರೆ ತಲುಪಿದ ಹೊತ್ತು, ಮೊದಲ ಇಸಿಜಿ ತೆಗೆದ ಹೊತ್ತು, ಈ ಮೂರನ್ನೂ ನೋಟ್‌ಬುಕ್ಕಿಗೆ ಇಳಿಸುವುದು ಅವಳ ಕೆಲಸ. ಸಕಲೇಶಪುರದ ಕಡೆಯ ತೋಟಗಳಿಂದ ಬರುವವರಿಗೆ ಎಲ್ಲಿ ತಡವಾಗುತ್ತದೆ ಎಂಬುದು ಪ್ರಶ್ನೆ. ಆದರೆ ಶೀಟಿನ ಮೇಲೆ ಶೀಟು ತಿರುವಿದರೂ ನೋವು ಶುರುವಾದ ಗಂಟೆಯೇ ಇರಲಿಲ್ಲ. ‘ಬೆಳಿಗ್ಗೆಯಿಂದ’ ಎಂದೋ ‘ನಿನ್ನೆಯಿಂದ’ ಎಂದೋ ಬರೆದು ಮುಂದೆ ಹೋಗಿದ್ದರು. ಹೃದಯಾಘಾತದಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ನೋವು ಶುರುವಾದ 12 ಗಂಟೆಯೊಳಗೆ ಕೊಡಬೇಕಾಗಿರುವಾಗ, ‘ನಿನ್ನೆಯಿಂದ’ ಎಂಬ ಒಂದು ಮಾತಿನಲ್ಲಿ ಒಬ್ಬ ಮನುಷ್ಯನ ಪ್ರಾಣವೇ ತೂಗುತ್ತಿರುತ್ತದೆ. ಅವಳ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ಗಂಟೆ ಬರೆಯುವುದಕ್ಕೆಂದು ಚೌಕವೊಂದಿರುವ ನಮೂನೆಯನ್ನು ತಯಾರಿಸಿ ಕ್ಯಾಶುವಾಲ್ಟಿಯ ಮೇಜಿಗೆ ಅಂಟಿಸಿ ಬಂದಿದ್ದಳು.

‘ಇದನ್ನೇಕೆ ಬರೆದಿಲ್ಲ?’ ಎಂದರೆ, ‘ಮೇಡಂ, ಅದು ಎಲ್ಲೂ ಪ್ರಕಟವಾಗಿಲ್ಲವಲ್ಲ’ ಎಂದಳು.

ಆ ಉತ್ತರ ನನ್ನನ್ನು ಇನ್ನೂ ಕಾಡುತ್ತಿದೆ. 2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಯುವಜನರ ಹೃದಯಾಘಾತದ ಸುದ್ದಿ ಟಿವಿಯಲ್ಲಿ ದಿನವೂ ಬರುತ್ತಿದ್ದಾಗ ಜನ ಹೆದರಿ, ಇಸಿಜಿಗಾಗಿ ಮೈಸೂರಿನ ಜಯದೇವ ಆಸ್ಪತ್ರೆಯವರೆಗೂ ಹೋಗಿ ಸಾಲು ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ, ಹಿಂದಿನ ಅವಧಿಯ ಅಂಕಿಗಳೊಡನೆ ಹೋಲಿಸಿ, ಅಸಹಜ ಏರಿಕೆಯಾಗಿಲ್ಲ ಎಂದು ವರದಿ ಕೊಟ್ಟಿತು. ಅಂತಹ ಭಯಕ್ಕೆ ಉತ್ತರ ಕೊಡಬಲ್ಲದ್ದು ಸರಿಯಾಗಿ ಬರೆದಿಟ್ಟ ದಾಖಲೆ ಮಾತ್ರ. ಪಕ್ಕದ ಚಿಕ್ಕಮಗಳೂರಿನ ಕೊಪ್ಪ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆ ಕಾಣಿಸಿದಾಗಲೂ ಅಷ್ಟೇ: ಜ್ವರ ಯಾವ ದಿನ ಬಂತು, ಕಾಡಿಗೆ ಯಾವಾಗ ಹೋಗಿದ್ದರು ಎಂದು ಕೇಳಿ ಬರೆದುಕೊಂಡವರ ಕೆಲಸವೇ ಕೈಹಿಡಿಯುತ್ತದೆ.

ಆದ್ದರಿಂದ ರೆಸಿಡೆನ್ಸಿಯ ಆಯ್ಕೆಯಲ್ಲಿ ಸಂಶೋಧನೆಗೆ ಬೆಲೆ ಇರಲೇಬೇಕು, ನಮ್ಮ ದೇಶದಲ್ಲೂ ಬರಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಆದರೆ ಆ ಬೆಲೆಯನ್ನು ಎಣಿಸಿ ಕಟ್ಟಬಾರದು. ಒಂದು ಕೆಲಸವನ್ನು ಆರಿಸಿಕೊಳ್ಳಲು ಹೇಳಿ, ಅದರಲ್ಲಿ ಎಲ್ಲಿ ಎಡವಿದಿರಿ, ಅನಂತರ ಏನನ್ನು ಬದಲಿಸಿದಿರಿ ಎಂದು ಹತ್ತು ನಿಮಿಷ ಕೇಳಿದರೆ, ಹಣ ಕೊಟ್ಟು ಹೆಸರು ಹಾಕಿಸಿಕೊಂಡವರು ಮೂರನೆಯ ಪ್ರಶ್ನೆಗೆ ನಿಲ್ಲಲಾರರು. ಅಮೆರಿಕದ ಅರ್ಜಿಯಲ್ಲೇ ಇದಕ್ಕೆ ಜಾಗವಿದೆ: ಅನುಭವಗಳು 10ಕ್ಕೆ ಸೀಮಿತ, ಅವುಗಳಲ್ಲಿ ಮನಸ್ಸಿಗೆ ಬಹಳ ಹತ್ತಿರವಾದ 3ನ್ನು ಗುರುತಿಸಿ ಅದರ ಕಾರಣವನ್ನೂ ಬರೆಯಬಹುದು.

ಅವಳು ನನ್ನ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಪಟ್ಟಿಯಲ್ಲಿ 8 ಸಾಲುಗಳನ್ನು ಹೊಡೆದುಹಾಕಿದಳು. ಮನಸ್ಸಿಗೆ ಹತ್ತಿರವಾದ ಮೂರು ಅನುಭವಗಳಲ್ಲಿ ಮೊದಲನೆಯದಾಗಿ ರೆಕಾರ್ಡ್ ರೂಮಿನ ಎರಡು ತಿಂಗಳನ್ನು ಬರೆದಳು. ಆಮೇಲೆ, ಕ್ಯಾಶುವಾಲ್ಟಿಯ ಆ ಚೌಕದಲ್ಲಿ ಈಗ ಯಾರಾದರೂ ಗಂಟೆ ಬರೆಯುತ್ತಿದ್ದಾರೆಯೇ ಎಂದು ನೋಡಿಕೊಂಡು ಬರುತ್ತೇನೆ ಎಂದು ಹೇಳಿ ಹೊರಟಳು.