ಆಮೇಲೆ ಸರಿ ಮಾಡೋಣ ಅಂದ ಸಾಲ

ಕೇಳುಗರಿಗೆ ನಮಸ್ಕಾರ.

ನಾನು ಸಾಫ್ಟ್‌ವೇರ್ ಕೆಲಸ ಮಾಡುವವಳು. ತಂಡದ ಅರ್ಧ ಜನ ಬೆಂಗಳೂರಿನಲ್ಲಿ, ನಾನು ಇಲ್ಲೇ ವಿರಾಜಪೇಟೆ ಹತ್ತಿರದ ಮನೆಯಲ್ಲಿ. ಇವತ್ತು ನಮ್ಮ ಕೆಲಸದೊಳಗಿನ ಒಂದು ಸಾಲದ ಬಗ್ಗೆ ಮಾತಾಡುತ್ತೇನೆ. ಈ ಸಾಲಕ್ಕೆ ಪಾಸ್‌ಬುಕ್ ಇಲ್ಲ. ಬಡ್ಡಿಯಂತೂ ಇದೆ. ಕಂಪ್ಯೂಟರ್ ಮಂದಿ ಇದನ್ನು ಟೆಕ್ನಿಕಲ್ ಡೆಟ್ ಅನ್ನುತ್ತಾರೆ. ತಾಂತ್ರಿಕ ಸಾಲ ಅನ್ನೋಣ. ಅವಸರದಲ್ಲಿ ಅರೆಬರೆ ಮಾಡಿ, ಸರಿ ಮಾಡುವುದನ್ನು ಮುಂದಕ್ಕೆ ಹಾಕಿದ ಕೆಲಸವೇ ಈ ಸಾಲ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಕಾಫಿ ತೋಟಗಳಿಗಾಗಿ ಒಂದು ಸಣ್ಣ ಆ್ಯಪ್ ಮಾಡಿತು. ಕೊಯ್ಲಿನ ಹೊತ್ತಿನಲ್ಲಿ ಸಂಜೆ ಒಬ್ಬೊಬ್ಬರ ಚೀಲವನ್ನೂ ತೂಗುತ್ತಾರೆ, ರೈಟರ್ ಕಿಲೋ ಬರೆದುಕೊಳ್ಳುತ್ತಾರೆ, ವಾರದ ಕೊನೆಗೆ ಬಟವಾಡೆ. ಆ ಪುಸ್ತಕದ ಲೆಕ್ಕವನ್ನು ಫೋನಿಗೆ ತರಬೇಕಿತ್ತು. ಕೊಯ್ಲಿಗೆ ಹತ್ತೇ ದಿನ ಉಳಿದಿತ್ತು. ಕಿಲೋಗೆ ಇಷ್ಟು ಎಂಬ ದರವನ್ನು ಒಂದೇ ಜಾಗದಲ್ಲಿಟ್ಟು, ಬೇಕಾದಲ್ಲೆಲ್ಲ ಅಲ್ಲಿಂದಲೇ ತೆಗೆದುಕೊಳ್ಳುವ ಹಾಗೆ ಬರೆಯುವುದು ಸರಿಯಾದ ಕ್ರಮ. ನಾನು ಹಾಗೆ ಮಾಡಲಿಲ್ಲ. ಆ ಸಂಖ್ಯೆಯನ್ನು ಕೋಡಿನ, ಅಂದರೆ ಕಂಪ್ಯೂಟರಿಗೆ ನಾವು ಬರೆದುಕೊಡುವ ಸೂಚನೆಗಳ, ಮೂರು ಕಡೆ ನೇರವಾಗಿ ಬರೆದುಬಿಟ್ಟೆ. ದಿನದ ಲೆಕ್ಕದಲ್ಲಿ ಒಮ್ಮೆ, ಬಟವಾಡೆಯಲ್ಲಿ ಒಮ್ಮೆ, ಮುಂಗಡ ಪಡೆದವರ ಲೆಕ್ಕದಲ್ಲಿ ಇನ್ನೊಮ್ಮೆ. "ಆಮೇಲೆ ಸರಿ ಮಾಡೋಣ" ಅಂದುಕೊಂಡೆವು. ಅದನ್ನು ಎಲ್ಲೂ ಬರೆದಿಡಲಿಲ್ಲ.

ಆ ವರ್ಷ ಏನೂ ಆಗಲಿಲ್ಲ. ಮರುವರ್ಷ ದರ ಕಿಲೋಗೆ ಒಂದು ರೂಪಾಯಿ ಏರಿತು. ಕೋಡ್ ಬದಲಿಸಿದ ಹುಡುಗ ತಂಡಕ್ಕೆ ಹೊಸಬ. ಎರಡು ಕಡೆ ಕಣ್ಣಿಗೆ ಬಿತ್ತು, ಬದಲಿಸಿದ. ಮೂರನೆಯದು ಇದೆ ಅಂತ ಅವನಿಗೆ ಯಾರು ಹೇಳಬೇಕಿತ್ತು? ನಾನೇ ಅಲ್ವಾ?

ಬಟವಾಡೆಯ ಮರುದಿನ ರೈಟರ್ ಫೋನ್ ಮಾಡಿದರು. ತೋಟಕ್ಕೆ ಹೋದೆ. ಲೈನ್ ಮನೆಯ ಜಗುಲಿಯಲ್ಲಿ ಒಬ್ಬರು ಅಕ್ಕ ಕ್ಯಾಲೆಂಡರಿನ ಹರಿದ ಹಾಳೆ ಹಿಡಿದು ಕೂತಿದ್ದರು. ಹಾಳೆಯ ಹಿಂಬದಿಯಲ್ಲಿ ಆರು ದಿನದ ಕಿಲೋ, ಪೆನ್ಸಿಲಿನಲ್ಲಿ, ಒಂದರ ಕೆಳಗೊಂದು. ಒಟ್ಟು 430. "ಕಿಲೋ ಸರಿ ಉಂಟು ಮೇಡಂ, ದುಡ್ಡು 430 ಕಮ್ಮಿ ಉಂಟು" ಅಂದರು. ಜೋರು ಮಾಡಲಿಲ್ಲ. ಹಾಳೆಯನ್ನು ನನ್ನ ಕೈಗೆ ಕೊಟ್ಟರು, ಅಷ್ಟೇ. ಮುಂಗಡ ಪಡೆದವರಿಗೆಲ್ಲ ಹಳೆಯ ದರದಲ್ಲೇ ಕೂಲಿ ಹೋಗಿತ್ತು.

ಕೋಡ್ ಸರಿ ಮಾಡಲು ಇಪ್ಪತ್ತು ನಿಮಿಷ ಸಾಕಾಯಿತು. ಹಿಂದಿನ ವಾರಗಳಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಕಮ್ಮಿ ಹೋಗಿದೆ ಅಂತ ಹುಡುಕಿ, ಬಾಕಿ ಕೊಡಿಸಲು ಮೂರು ದಿನ ಹಿಡಿಯಿತು. ಬಡ್ಡಿ ಅಂದೆನಲ್ಲ, ಅದು ಇದೇ.

ಈ ಸಾಲದ ಹೋಲಿಕೆಯನ್ನು ಮೊದಲು ಕೊಟ್ಟವರು ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್, 1992ರಲ್ಲಿ. ಅವರ ತಂಡ ಹಣಕಾಸಿನ ಸಾಫ್ಟ್‌ವೇರ್ ಕಟ್ಟುತ್ತಿತ್ತು. ಸ್ವಲ್ಪ ಸಾಲ ಮಾಡಿದರೆ ಕೆಲಸ ಬೇಗ ಸಾಗುತ್ತದೆ, ಬೇಗ ತೀರಿಸಿದರೆ ತೊಂದರೆ ಇಲ್ಲ, ತೀರಿಸದೆ ಬಿಟ್ಟರೆ ಅಪಾಯ. ಇದು ಅವರ ಮಾತಿನ ಸಾರ. ಬೇಕಾಬಿಟ್ಟಿ ಬರೆಯಿರಿ ಅಂತ ಅವರು ಯಾವತ್ತೂ ಹೇಳಲಿಲ್ಲ. ಇವತ್ತು ತಿಳಿದಷ್ಟನ್ನು ಶುದ್ಧವಾಗಿ ಬರೆಯಿರಿ, ನಾಳೆ ಇನ್ನೂ ಚೆನ್ನಾಗಿ ತಿಳಿದಾಗ ಹಳೆಯದನ್ನು ತಿದ್ದಿ ಅಂದರು. ಈ ಅರ್ಧ ಮಾತನ್ನು ಜಾಸ್ತಿ ಜನ ಮರೆತೇ ಬಿಟ್ಟಿದ್ದಾರೆ.

ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕಟ್ಟುವ ಅಜೈಲ್ ವಿಧಾನಕ್ಕೂ ಹಾಗೇ ಆಗಿದೆ. 2001ರ ಫೆಬ್ರವರಿಯಲ್ಲಿ ಯೂಟಾದಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ನಾವು ಸ್ಪ್ರಿಂಟ್, ಅಂದರೆ ಎರಡು ವಾರದ ಕೆಲಸದ ಕಂತು, ಅಂತ ಓಡುತ್ತೇವೆ, ಪ್ರತಿ ಸಲ ಏನಾದರೂ ಹೊಸದು ತೋರಿಸಬೇಕು. ಆದರೆ ಅವರ 12 ತತ್ವಗಳಲ್ಲಿ ಒಂದು, ಒಳ್ಳೆಯ ವಿನ್ಯಾಸದ ಕಡೆಗೆ, ಕೆಲಸದ ಅಚ್ಚುಕಟ್ಟಿನ ಕಡೆಗೆ ಸದಾ ಗಮನ ಇರಲಿ ಅನ್ನುತ್ತದೆ. ಸ್ಪ್ರಿಂಟ್ ಎಲ್ಲರಿಗೂ ನೆನಪಿದೆ. ಇದು ಯಾಕೆ ನೆನಪಿಲ್ಲ?

ನಮ್ಮದು ನೂರಾರು ರೂಪಾಯಿಯ ಮಾತು. 2012ರ ಆಗಸ್ಟ್ 1ರಂದು ಅಮೆರಿಕದ ಷೇರುಪೇಟೆಯಲ್ಲಿ ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆ ಎಂಟು ಸರ್ವರ್ ಕಂಪ್ಯೂಟರ್‌ಗಳಲ್ಲಿ ಏಳಕ್ಕೆ ಮಾತ್ರ ಹೊಸ ಕೋಡ್ ಹಾಕಿತ್ತು. ಉಳಿದ ಒಂದರಲ್ಲಿ, 2003ರಲ್ಲೇ ಬಳಕೆ ನಿಲ್ಲಿಸಿದ್ದರೂ ಅಳಿಸದೆ ಬಿಟ್ಟಿದ್ದ ಹಳೆಯ ಕೋಡ್ ಎದ್ದು ಕೂತಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಆ ಸುದ್ದಿ ಓದುವಾಗೆಲ್ಲ ನನಗೆ ನನ್ನ ಮೂರನೆಯ ಜಾಗ ನೆನಪಾಗುತ್ತದೆ.

ಅರೇಬಿಕಾ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಳಿ ಕಾಂಡಕೊರಕ ಹುಳು ಕಾಂಡದ ಒಳಗೆ ಕೊರೆಯುತ್ತಿರುತ್ತದೆ, ಎಲೆ ಹಸಿರಾಗಿಯೇ ಕಾಣುತ್ತದೆ. ಗಿಡ ಹಳದಿಯಾಗಲಿ ಅಂತ ಯಾರೂ ಕಾಯುವುದಿಲ್ಲ. ಅದು ದುಂಬಿಯಾಗಿ ಹಾರುವ ಮುಂಚೆಯೇ ಸಾಲು ಸಾಲಾಗಿ ಕಾಂಡ ನೋಡುತ್ತಾರೆ, ಉಬ್ಬು ಕಂಡ ಗಿಡ ಕಿತ್ತು ಸುಡುತ್ತಾರೆ. ಕಳೆ ತೆಗೆಯುವ ಹಾಗೆ, ಗೊಬ್ಬರ ಹಾಕುವ ಹಾಗೆ ಅದೂ ವರ್ಷದ ಕೆಲಸದಲ್ಲಿ ಒಂದು.

ಈಗ ನಮ್ಮ ತಂಡದಲ್ಲೂ ಹೀಗೆಯೇ. ಅವಸರಕ್ಕೆ ಏನಾದರೂ ಬಿಟ್ಟರೆ ಅವತ್ತೇ ಒಂದು ಚೀಟಿ. ಹೊಸ ಕೆಲಸಗಳಿರುವ ಬೋರ್ಡಿನಲ್ಲೇ ಅದಕ್ಕೂ ಜಾಗ. ಪ್ರತಿ ಸ್ಪ್ರಿಂಟಿನಲ್ಲಿ ಅಂಥ ಒಂದೋ ಎರಡೋ ತೀರಲೇಬೇಕು. ಎಲ್ಲವನ್ನೂ ತೀರಿಸಲು ಹೋಗುವುದಿಲ್ಲ. ಯಾರೂ ಮುಟ್ಟದ ಮೂಲೆಯ ಕೋಡ್ ಹಾಗೇ ಇರಲಿ, ದಿನಾ ಓಡಾಡುವ ದಾರಿಯದ್ದು ಮೊದಲು. ಮ್ಯಾನೇಜರ್‌ಗೆ "ಕೋಡ್ ಚೆನ್ನಾಗಿಲ್ಲ" ಅಂದರೆ ಅವರೇನು ಮಾಡಿಯಾರು? "ದರ ಬದಲಿಸಲು ಈಗ ಎರಡು ದಿನ ಬೇಕು, ಇದನ್ನು ತಿದ್ದಿದರೆ ಹತ್ತು ನಿಮಿಷ" ಅಂದರೆ ತಕ್ಷಣ ಒಪ್ಪುತ್ತಾರೆ. ಇನ್ನೊಬ್ಬರು ಓದಿ ನೋಡದೆ, ಕೋಡ್ ಸರಿ ಇದೆಯೇ ಅಂತ ಕಂಪ್ಯೂಟರೇ ಪರೀಕ್ಷಿಸುವ ಟೆಸ್ಟ್ ಬರೆಯದೆ ಯಾವ ಕೆಲಸಕ್ಕೂ "ಮುಗೀತು" ಅನ್ನುವುದಿಲ್ಲ.

ಆ ಅಕ್ಕನ ಕ್ಯಾಲೆಂಡರ್ ಹಾಳೆ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದರ ಆರು ದಿನದ ಕಿಲೋಗಳನ್ನು ಮುಂಗಡದ ಸಮೇತ ಒಂದು ಟೆಸ್ಟ್ ಆಗಿ ಬರೆದಿಟ್ಟಿದ್ದೇವೆ. ಯಾರು ಏನೇ ಬದಲಿಸಿದರೂ ಕಂಪ್ಯೂಟರ್ ಮೊದಲು ಆ ವಾರದ ಕೂಲಿ ಲೆಕ್ಕ ಹಾಕಿ ನೋಡುತ್ತದೆ. ಒಂದು ರೂಪಾಯಿ ಹೆಚ್ಚುಕಮ್ಮಿ ಬಂದರೂ ಹೊಸ ಆವೃತ್ತಿ ಹೊರಗೆ ಹೋಗುವುದಿಲ್ಲ.

ನಮಸ್ಕಾರ.