ಶ್ಲೆಕ್ ಚೈನ್ ಬಿದ್ದ ರಸ್ತೆಯಲ್ಲೇ ನನ್ನ ಚೈನೂ ಬಿತ್ತು | ಕಾಂಟಡೋರ್ ಕೇಸು, ನಮ್ಮ ಹಳೇ ಜಗಳ

ನಮಸ್ಕಾರ ಎಲ್ಲರಿಗೂ. ಬೆಳಿಗ್ಗೆ ಎಂಟೂವರೆ. ಇದು ಮೊಲಿಯೋ-ಬರೂಸ್ ಅನ್ನೋ ಪುಟ್ಟ ಊರು, ಫ್ರಾನ್ಸಿನ ಪಿರಿನೀಸ್ ಬೆಟ್ಟಗಳ ಬುಡ. ಟುಲೂಸ್‌ನಿಂದ ನಿನ್ನೆ ಸಂಜೆಯೇ ಬಂದೆವು. ಕಾರು ಓಡಿಸುತ್ತಿರುವವನು ನನ್ನ ಗೆಳೆಯ, ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದಾನೆ. ಮುಖ ತೋರಿಸಬೇಡ ಅಂದಿದ್ದಾನೆ, ದನಿ ಮಾತ್ರ ಕೇಳಿಸುತ್ತದೆ.

ನಾನು ಹತ್ತಬೇಕಾದ ಘಾಟಿಯ ಹೆಸರು ಪೋರ್ ದ ಬಾಲೆಸ್. 19 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಏರು. ತುದಿ 1,755 ಮೀಟರ್ ಎತ್ತರದಲ್ಲಿದೆ. ನಂದಿಬೆಟ್ಟಕ್ಕೆ ಸೈಕಲ್ ಹೊಡೆದವರಿಗೆ ಹೇಳೋದಾದರೆ, ಅಂಥದ್ದು ಎರಡೂವರೆ ಬೆಟ್ಟ ಒಂದರ ಮೇಲೊಂದು ಇಟ್ಟ ಹಾಗೆ. ಮೂರು ವಾರದ ದೊಡ್ಡ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ ಇಲ್ಲಿಗೆ ಮೊದಲ ಸಲ ಬಂದಿದ್ದು 2007ರಲ್ಲಿ. ಆದರೆ ನಾವು ಬಂದಿರೋದು 2010ರ ನೆನಪಿಗೆ.

ಆಗ ನಾವಿಬ್ಬರೂ ವಿಜಯನಗರದಲ್ಲಿ ಒಂದೇ ರೂಮಿನಲ್ಲಿದ್ದೆವು. ಒಂದು ಲ್ಯಾಪ್‌ಟಾಪ್, ನಿಂತು ನಿಂತು ಬರುವ ವಿಡಿಯೋ. ನಾನು ಸ್ಪೇನಿನ ಸೈಕ್ಲಿಸ್ಟ್ ಆಲ್ಬರ್ಟೊ ಕಾಂಟಡೋರ್ ಕಡೆ. ಇವನು ಲಕ್ಸೆಂಬರ್ಗ್‌ನ ಆ್ಯಂಡಿ ಶ್ಲೆಕ್ ಕಡೆ. ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ನಮ್ಮ ಕಡೆ ಇಷ್ಟು ಹುಚ್ಚು ಹಿಡಿಸಿಕೊಂಡವರು ಕಡಿಮೆ. ಆದರೆ ನಾನು ವಿಜಯಪುರದವನು. ಅಲ್ಲಿ, ಬಾಗಲಕೋಟೆಯಲ್ಲಿ, ಸೈಕಲ್ ರೇಸ್ ಅಂದರೆ ಜನ ಊಟ ಬಿಟ್ಟು ರಸ್ತೆ ಪಕ್ಕ ನಿಲ್ಲುತ್ತಾರೆ. ಅಲ್ಲಿಂದ ದೇಶಕ್ಕೆ ಆಡಿದ ಸೈಕ್ಲಿಸ್ಟ್‌ಗಳು ಬಂದಿದ್ದಾರೆ. ಅದರ ಬಗ್ಗೆ ಬೇರೆ ವಿಡಿಯೋ ಮಾಡಬೇಕು, ಮಾಡುತ್ತೇನೆ.

ಸರಿ, ಹೊರಟೆ.

ಮೊದಲ ಅರ್ಧ ದಾರಿ ಸಲೀಸು. ನದಿ ಪಕ್ಕದಲ್ಲೇ ಬರುತ್ತದೆ, ಮರದ ನೆರಳು ಇದೆ. ನೀವೇ ನೋಡಿ, ನಾನು ಮಾತಾಡುತ್ತಾ ಹೋಗುತ್ತೇನೆ.

ಕೇಸು ಏನು ಅಂತ ಗೊತ್ತಿಲ್ಲದವರಿಗೆ. 2010ರ ಟೂರ್ ಕಾಂಟಡೋರ್ ಗೆದ್ದ. ಶ್ಲೆಕ್ ಎರಡನೆಯವನು. ಮೂರು ವಾರ ಓಡಿದ ಮೇಲೆ ಇಬ್ಬರ ನಡುವೆ ಇದ್ದ ಅಂತರ 39 ಸೆಕೆಂಡ್. ಸೆಪ್ಟೆಂಬರ್ ಕೊನೆಯಲ್ಲಿ ಸುದ್ದಿ ಹೊರಬಿತ್ತು: ಜುಲೈ 21ರಂದು, ಪೌ ಊರಿನಲ್ಲಿ ವಿಶ್ರಾಂತಿ ದಿನ ಕೊಟ್ಟ ಮೂತ್ರದಲ್ಲಿ ಕ್ಲೆನ್‌ಬ್ಯುಟೆರಾಲ್ ಸಿಕ್ಕಿದೆ. ಕೆಲವು ದೇಶಗಳಲ್ಲಿ ಅದು ಉಬ್ಬಸಕ್ಕೆ ಕೊಡುವ ಔಷಧಿ. ಕೊಬ್ಬು ಕರಗಿಸಿ ಮಾಂಸಖಂಡ ಬೆಳೆಸುತ್ತದೆ ಅಂತ ದನಗಳಿಗೂ ಕದ್ದು ಕೊಡುತ್ತಾರೆ. ಯುರೋಪಿನಲ್ಲಿ ದನ ಕೊಬ್ಬಿಸಲು ಅದನ್ನು ಕೊಡುವಂತಿಲ್ಲ. ಕ್ರೀಡಾಪಟುಗಳಿಗಂತೂ ಪೂರ್ತಿ ನಿಷೇಧ.

ಕಾಂಟಡೋರ್ ಹೇಳಿದ್ದು ಒಂದೇ ಮಾತು. ಮಾಂಸದಿಂದ ಬಂತು. ಸ್ಪೇನಿನ ಗಡಿಯ ಇರೂನ್ ಊರಿನಿಂದ ಪರಿಚಯದವರೊಬ್ಬರು ದನದ ಮಾಂಸ ತಂದುಕೊಟ್ಟರು, ಅದನ್ನು ಹೋಟೆಲಿನಲ್ಲಿ ಬೇಯಿಸಿ ತಿಂದೆ ಅಂತ.

ಅವತ್ತು ರಾತ್ರಿ ನಾವಿಬ್ಬರೂ ಮಲಗಲಿಲ್ಲ. ಇವನು "ಎಲ್ಲರೂ ಹೀಗೇ ಹೇಳೋದು" ಅಂದ. ನಾನು "50 ಪಿಕೊಗ್ರಾಂ ಕಣೋ, ಅಷ್ಟಕ್ಕೆ ಏನಾಗುತ್ತೆ" ಅಂದೆ. ಒಂದು ಮಿಲಿಲೀಟರ್‌ನಲ್ಲಿ 50 ಪಿಕೊಗ್ರಾಂ. ಒಂದು ಗ್ರಾಮಿನ ಲಕ್ಷ ಕೋಟಿ ಭಾಗ ಮಾಡಿ, ಅದರಲ್ಲಿ ಐದು ಭಾಗ ಎತ್ತಿ... ತಡೀರಿ, ಲಕ್ಷ ಕೋಟಿ ಅಂದರೆ ಹನ್ನೆರಡು ಸೊನ್ನೆ, ಹಾಗಾದರೆ ಐವತ್ತು ಭಾಗ. ಹೌದು, ಐವತ್ತು. ಲ್ಯಾಬುಗಳು ಕಡ್ಡಾಯವಾಗಿ ಹಿಡಿಯಬೇಕಾದ ಮಟ್ಟಕ್ಕಿಂತ ಇದು 400 ಪಟ್ಟು ಕಡಿಮೆ ಅಂತ ವಿಶ್ವ ಸೈಕ್ಲಿಂಗ್ ಸಂಸ್ಥೆಯ ಹೇಳಿಕೆಯಲ್ಲೇ ಬಂದಿತ್ತು. ಆ ಮಟ್ಟ ಮಿಲಿಲೀಟರ್‌ಗೆ 2 ನ್ಯಾನೊಗ್ರಾಂ, ಅಂದರೆ 2,000 ಪಿಕೊಗ್ರಾಂ. ಲೆಕ್ಕ ಹಾಕಿದರೆ 40 ಪಟ್ಟು, 400 ಅಲ್ಲ. ನಾನು ಮಾತ್ರ ತಿಂಗಳುಗಟ್ಟಲೆ 400, 400 ಅಂತ ಕೂಗಿದೆ. ಯಾರೂ ಕೂತು ಭಾಗಾಕಾರ ಮಾಡಲಿಲ್ಲ.

ಓ, ನಿಲ್ಲಿಸಬೇಕಾಯಿತು. ನೋಡಿ ಇಲ್ಲಿ.

ರಸ್ತೆ ನಡುವೆ ಮೂರು ಹಸು ಮಲಗಿವೆ. ಕಂದು ಬಣ್ಣ, ಕೊರಳಲ್ಲಿ ನಮ್ಮ ದೇವಸ್ಥಾನದ ಗಂಟೆಯಷ್ಟು ದಪ್ಪದ ಗಂಟೆ. ಟಾರು ಬಿಸಿಲಿಗೆ ಬೆಚ್ಚಗಾಗಿದೆ, ಅದಕ್ಕೇ ಏಳುತ್ತಿಲ್ಲ. ಹತ್ತಿರದಿಂದ ತೋರಿಸುತ್ತೇನೆ, ಎರಡೂ ಕಿವಿಗೆ ಬಿಲ್ಲೆ ಹೊಡೆದಿದ್ದಾರೆ, ಅದರ ಮೇಲೆ ನಂಬರು. ಹುಟ್ಟಿದ್ದು ಎಲ್ಲಿ, ಯಾರ ಕೊಟ್ಟಿಗೆ, ಎಲ್ಲಾ ಆ ನಂಬರಿನಿಂದ ಗೊತ್ತಾಗುತ್ತದೆ. ಕಾಂಟಡೋರ್ ಕೇಸಿನಲ್ಲೂ ಆ ಮಾಂಸ ಯಾವ ಕೊಟ್ಟಿಗೆಯಿಂದ ಬಂತು ಅಂತ ಹಿಂದೆ ಹಿಂದೆ ಹುಡುಕಿಕೊಂಡು ಹೋಗಿದ್ದರು. ತಿಂದು ಮುಗಿಸಿದ ಮಾಂಸವನ್ನು ಲ್ಯಾಬಿಗೆ ಕಳಿಸೋಕಾಗುತ್ತಾ? ಅವನ ಕಷ್ಟ ಅದೇ ಆಗಿತ್ತು.

ಎದ್ದಿತು, ಒಂದು ಎದ್ದಿತು. ಹೋಗೋಣ.

ಇಲ್ಲಿಂದ ಮುಂದೆ ರಸ್ತೆ ಕಿರಿದು, ಏರು ಕಡಿದು. ಉಸಿರು ಕೇಳಿಸುತ್ತಿದೆ ಅಲ್ವಾ? ಅದಕ್ಕೇ ಇದರ ಮೇಲೆ ಆಮೇಲೆ ದನಿ ಕೂರಿಸಿದ್ದೇನೆ.

ಅಭಿಮಾನಿಗಳ ಪೈಕಿ ಮೂರು ಪಂಗಡ ಆಗಿತ್ತು ಆಗ. ಒಂದು, ಮಾಂಸ ಅನ್ನೋರು. ಇನ್ನೊಂದು, ರಕ್ತ ಅನ್ನೋರು. ಅಂದರೆ ದಮ್ಮು ಹೆಚ್ಚಲಿ ಅಂತ ಮುಂಚೆ ತೆಗೆದಿಟ್ಟ ಅವನದೇ ರಕ್ತವನ್ನು ರೇಸ್ ನಡುವೆ ಮತ್ತೆ ಏರಿಸಿಕೊಂಡಿದ್ದಾನೆ, ಆ ಹಳೇ ರಕ್ತದಲ್ಲಿ ಕ್ಲೆನ್‌ಬ್ಯುಟೆರಾಲ್ ಉಳಿದಿತ್ತು ಅಂತ. ರಕ್ತದ ಚೀಲದ ಪ್ಲಾಸ್ಟಿಕ್ ಅಂಶ ಸಿಕ್ಕಿದೆ ಅಂತಲೂ ಪತ್ರಿಕೆಗಳಲ್ಲಿ ಬಂತು. ನನ್ನ ಗೆಳೆಯ ಇದನ್ನು ಹಿಡಿದುಕೊಂಡ. ನಾನು ಮೆಕ್ಸಿಕೊ ಹಿಡಿದುಕೊಂಡೆ. 2011ರಲ್ಲಿ ಮೆಕ್ಸಿಕೊದ ಐವರು ಫುಟ್‌ಬಾಲ್ ಆಟಗಾರರಲ್ಲಿ ಇದೇ ಮದ್ದು ಸಿಕ್ಕಿತ್ತು, ಮಾಂಸದಿಂದ ಬಂದದ್ದು ಅಂತ ಅವರನ್ನು ಬಿಟ್ಟರು. ಜರ್ಮನಿಯ ಟೇಬಲ್ ಟೆನಿಸ್ ಆಟಗಾರ ಓವ್ಚರೋವ್ ಚೀನಾಕ್ಕೆ ಹೋಗಿ ಬಂದ ಮೇಲೆ ಸಿಕ್ಕಿಬಿದ್ದ, ಅವನನ್ನೂ ಬಿಟ್ಟರು. "ಅವರಿಗೊಂದು ನ್ಯಾಯ, ನಮ್ಮವನಿಗೊಂದು ನ್ಯಾಯನಾ?" ಅಂತ ನನ್ನ ವಾದ. ಇವನು ಸುಮ್ಮನೆ ಒಂದೇ ಮಾತು ಹೇಳುತ್ತಿದ್ದ: "ಸ್ಪೇನ್ ಮೆಕ್ಸಿಕೊ ಅಲ್ಲ, ಚೀನಾನೂ ಅಲ್ಲ." ಆಗ ಸಿಟ್ಟು ಬರುತ್ತಿತ್ತು. ಈಗ ಅನ್ನಿಸುತ್ತದೆ, ಇಡೀ ಕೇಸಿನ ಗಂಟು ಇದ್ದದ್ದು ಅಲ್ಲೇ. ಮೆಕ್ಸಿಕೊ, ಚೀನಾದಲ್ಲಿ ದನಗಳಿಗೆ ಇದನ್ನು ಕೊಡೋದು ಎಲ್ಲರಿಗೂ ಗೊತ್ತಿತ್ತು. ಸ್ಪೇನಿನಲ್ಲಿ ಪರೀಕ್ಷೆ ಮಾಡಿದ ಮಾಂಸದಲ್ಲಿ ಅದು ಸಿಗೋದೇ ಬಲು ಅಪರೂಪ.

ಮೂರನೇ ಪಂಗಡ ಚಿಕ್ಕದು. ಸಪ್ಲಿಮೆಂಟ್ ಡಬ್ಬಿಯಲ್ಲಿ ಬೆರೆತಿರಬಹುದು ಅನ್ನೋರು. ನಾವಿಬ್ಬರೂ ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಅಯ್ಯೋ. ಅಯ್ಯೋ, ನಿಲ್ಲಿ.

ಇಲ್ಲಿ ವಿಡಿಯೋ ಕತ್ತರಿಸಿಲ್ಲ, ಹಾಗೇ ಬಿಟ್ಟಿದ್ದೇನೆ. ಗೇರ್ ಬದಲಿಸಿದೆ, ಕಟ್ ಅಂತ ಸದ್ದು, ಕಾಲು ಗಾಳಿಯಲ್ಲಿ ತಿರುಗಿತು. ಚೈನ್ ಒಳಗಡೆ ಬಿದ್ದು ಫ್ರೇಮಿಗೂ ಹಲ್ಲುಗಾಲಿಗೂ ನಡುವೆ ಸಿಕ್ಕಿಕೊಂಡಿದೆ. ತುದಿಗೆ ಇನ್ನೂ ನಾಲ್ಕು ಕಿಲೋಮೀಟರ್. ನೋಡಿ, ಎಳೆದರೆ ಬರುತ್ತಿಲ್ಲ. ಪೆಡಲ್ ಹಿಂದಕ್ಕೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತಿದೆ. ಬೆರಳೆಲ್ಲ ಕಪ್ಪು. ಹಿಂದಿನ ಗೇರಿನ ತೋಳನ್ನು ಒಂದು ಕೈಯಲ್ಲಿ ಮುಂದಕ್ಕೆ ತಳ್ಳಿ, ಚೈನ್ ಸಡಿಲ ಮಾಡಿ, ಇನ್ನೊಂದು ಕೈಯಲ್ಲಿ ಮೇಲೆತ್ತಿ ಹಲ್ಲಿಗೆ ಕೂರಿಸಿದೆ. ಮೂಲೆಯಲ್ಲಿ ಗಡಿಯಾರ ಹಾಕಿದ್ದೇನೆ: 2 ನಿಮಿಷ 10 ಸೆಕೆಂಡ್.

ಈಗ 2010ರ ಜುಲೈ 19 ನೆನಪು ಮಾಡಿಕೊಳ್ಳಿ. ಒಟ್ಟಾರೆ ಮುಂದಿರುವವನು ತೊಡುವ ಹಳದಿ ಜರ್ಸಿ ಶ್ಲೆಕ್ ಮೈಮೇಲೆ. ಕಾಂಟಡೋರ್‌ಗಿಂತ 31 ಸೆಕೆಂಡ್ ಮುಂದಿದ್ದಾನೆ. ಇದೇ ಏರಿನಲ್ಲಿ, ತುದಿಗೆ ಸುಮಾರು ಮೂರು ಕಿಲೋಮೀಟರ್ ಇರುವಾಗ ಜೋರಾಗಿ ಕಿತ್ತುಕೊಂಡು ಹೋದ. ಅದೇ ಕ್ಷಣ ಚೈನ್ ಬಿತ್ತು. ಕಾಂಟಡೋರ್ ಪಕ್ಕದಿಂದ ಮುಂದೆ ಹೋದ. ಕೆಳಗೆ ಲೂಶೋಂ ಊರು ಮುಟ್ಟುವಾಗ ಶ್ಲೆಕ್ 39 ಸೆಕೆಂಡ್ ಹಿಂದೆ. ಹಳದಿ ಜರ್ಸಿ ಕೈ ಬದಲಾಯಿತು. ಕಾಂಟಡೋರ್ ವೇದಿಕೆ ಹತ್ತಿದಾಗ ಜನ ಕೂಗಿ ಛೀಮಾರಿ ಹಾಕಿದರು. ಅವತ್ತೇ ಸಂಜೆ ವಿಡಿಯೋದಲ್ಲಿ ಕ್ಷಮೆ ಕೇಳಿದ. ಪ್ಯಾರಿಸ್‌ನಲ್ಲಿ ಗೆದ್ದ ಅಂತರವೂ ಅದೇ 39 ಸೆಕೆಂಡ್.

ಕಾಯಬೇಕಿತ್ತು ಅವನು. ಆಗ ನಾನು "ರೇಸ್ ಅಂದರೆ ರೇಸ್" ಅಂದಿದ್ದೆ. ಇವತ್ತು ಕೈ ಕಪ್ಪು ಮಾಡಿಕೊಂಡು ರಸ್ತೆ ಅಂಚಿನಲ್ಲಿ ಕೂತಾಗ ಅನ್ನಿಸಿತು, ಕಾಯಬೇಕಿತ್ತು. ಗೆಳೆಯನಿಗೆ ಹೇಳಿದರೆ ಅವನು "ಇಲ್ಲ ಬಿಡೋ, ಮೊದಲು ಕಿತ್ತುಕೊಂಡು ಹೋಗಿದ್ದು ಶ್ಲೆಕ್ ತಾನೇ" ಅನ್ನುತ್ತಾನೆ! ಇಷ್ಟು ವರ್ಷ ಆದಮೇಲೆ ಇಬ್ಬರೂ ಕಡೆ ಬದಲಿಸಿದ್ದೇವೆ.

ತುದಿ ಬಂತು. ಮಂಜು ಇಲ್ಲ, ಅದೃಷ್ಟ. ಆ ಕಡೆ ಕಾಣೋದೆಲ್ಲ ಸ್ಪೇನಿನ ಗಡಿ ಬೆಟ್ಟಗಳು. ಇಳಿಜಾರು ಪೂರ್ತಿ ಹಾಕಿಲ್ಲ, ನಾಲ್ಕು ತಿರುವು ಮಾತ್ರ.

ಇಳಿಯುವಷ್ಟರಲ್ಲಿ ಕೇಸು ಮುಗಿಸಿಬಿಡುತ್ತೇನೆ. 2011ರ ಜನವರಿಯಲ್ಲಿ ಸ್ಪೇನಿನ ಸೈಕ್ಲಿಂಗ್ ಫೆಡರೇಷನ್ ಒಂದು ವರ್ಷ ನಿಷೇಧ ಅಂದಿತು. ಫೆಬ್ರುವರಿಯಲ್ಲಿ ಪ್ರಧಾನಿ ಕಚೇರಿಯಿಂದಲೇ ಅವನ ಪರ ಮಾತು ಬಂತು. ಮರುವಾರವೇ ಫೆಡರೇಷನ್ ಅವನನ್ನು ಬಿಟ್ಟಿತು. ನಾನು ಅವತ್ತು ರೂಮಿಗೆ ಮೈಸೂರ್ ಪಾಕ್ ತಂದಿದ್ದೆ. ಗೆಳೆಯ ಮುಟ್ಟಲಿಲ್ಲ. ಆಮೇಲೆ ವಿಶ್ವ ಸೈಕ್ಲಿಂಗ್ ಸಂಸ್ಥೆ ಮತ್ತು ಡೋಪಿಂಗ್ ತಡೆಯುವ ವಿಶ್ವ ಸಂಸ್ಥೆ ವಾಡಾ ಎರಡೂ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಅಪೀಲು ಹೋದವು. ವಿಚಾರಣೆ ಮುಂದಕ್ಕೆ, ಮತ್ತೆ ಮುಂದಕ್ಕೆ. ಆ ನಡುವೆ ಅವನು ಇಟಲಿಯ ಮೂರು ವಾರದ ರೇಸ್ ಜಿರೋ ಗೆದ್ದ. ಸುಳ್ಳು ಪತ್ತೆ ಪರೀಕ್ಷೆಗೂ ಕೂತ. ಕೊನೆಗೆ 2012ರ ಫೆಬ್ರುವರಿ 6ಕ್ಕೆ ತೀರ್ಪು. ಎರಡು ವರ್ಷ ನಿಷೇಧ. 2010ರ ಟೂರ್ ಹೋಯಿತು, ಅದು ಶ್ಲೆಕ್ ಪಾಲಾಯಿತು. 2011ರ ಜಿರೋ ಹೋಯಿತು.

ತೀರ್ಪಿನಲ್ಲಿ ಏನಿತ್ತು ಗೊತ್ತಾ? ಮಾಂಸದಿಂದ ಬಂದಿರೋ ಸಾಧ್ಯತೆ ಕಡಿಮೆ. ರಕ್ತ ಏರಿಸಿಕೊಂಡ ಸಾಧ್ಯತೆಯೂ ಕಡಿಮೆ. ಅವೆರಡಕ್ಕಿಂತ ಕಲುಷಿತ ಸಪ್ಲಿಮೆಂಟ್ ಹೆಚ್ಚು ಸಂಭವ. ನಾನೂ ಸೋತೆ, ಇವನೂ ಸೋತ. ಒಂದೂವರೆ ವರ್ಷ ನಾವು ಜಗಳ ಆಡಿದ್ದು "ಅವನು ಮೋಸಗಾರನಾ ಅಲ್ವಾ" ಅನ್ನೋ ಪ್ರಶ್ನೆಗೆ. ಅಲ್ಲಿ ಕೇಳಿದ ಪ್ರಶ್ನೆಯೇ ಬೇರೆ. ನಿನ್ನ ಮೈಯಲ್ಲಿ ಇದು ಸಿಕ್ಕಿದೆ, ಹೇಗೆ ಬಂತು ತೋರಿಸು. ತೋರಿಸೋಕೆ ಆಗಲಿಲ್ಲ. ಬೇಕಂತ ತೆಗೆದುಕೊಂಡ ಅಂತ ಅವರು ಸಾಬೀತು ಮಾಡಬೇಕಾಗಿಯೇ ಇರಲಿಲ್ಲ.

ನಿಯಮ ಸರಿ ಅಂತಲೇ ನನ್ನ ಅಭಿಪ್ರಾಯ. ಇಲ್ಲದಿದ್ದರೆ ಸಿಕ್ಕಿಬಿದ್ದವರೆಲ್ಲ ಕಟುಕನ ಅಂಗಡಿ ತೋರಿಸುತ್ತಾರೆ.

ಲೂಶೋಂ ಬಂತು. ಸೈಕಲ್ ವಾಪಸ್ ಕೊಡಬೇಕು. ಬಾಡಿಗೆ ದಿನಕ್ಕೆ 45 ಯೂರೋ, ಠೇವಣಿ 300. ಒಳಗೆ ಶೂಟ್ ಮಾಡಬೇಡಿ ಅಂದರು, ಹಾಗಾಗಿ ಬೀದಿಯ ದೃಶ್ಯ ಹಾಕಿದ್ದೇನೆ. ಅಂಗಡಿಯವರು ಸೈಕಲ್ ತಿರುಗಿಸಿ ನೋಡಿ, ಟಾರ್ಚ್ ಬಿಟ್ಟು, ಪೆಡಲ್ ಹಿಂದೆ ಫ್ರೇಮಿನ ಮೇಲೆ ಉಗುರಿನಷ್ಟು ಉದ್ದದ ಗೀರು ತೋರಿಸಿದರು. ಚೈನ್ ಸಿಕ್ಕಿಕೊಂಡಾಗ ಆದದ್ದು. 60 ಯೂರೋ ಕತ್ತರಿಸುತ್ತೇವೆ ಅಂದರು. ಚೈನ್ ಬಿದ್ದಿದ್ದು ನಿಮ್ಮ ಗೇರ್ ಸರಿ ಇಲ್ಲದ್ದಕ್ಕೆ ಅಂತ ಹೇಳಿದೆ. ವಿಡಿಯೋ ತೋರಿಸಿದೆ. ಅವರು ಪೂರ್ತಿ ನೋಡಿದರು. ತಲೆಯನ್ನೂ ಆಡಿಸಿದರು. ಆಮೇಲೆ ನಾನು ಸಹಿ ಹಾಕಿದ ಕಾಗದ ತೋರಿಸಿದರು: ಸೈಕಲ್ ನಿಮ್ಮ ಕೈಯಲ್ಲಿ ಇರುವಷ್ಟು ಹೊತ್ತು ಏನಾದರೂ ಹೊಣೆ ನಿಮ್ಮದು.

60 ಯೂರೋ! ಸಂಜೆವರೆಗೂ ಹೊಟ್ಟೆ ಉರಿಯಿತು. ದುಡ್ಡಿಗಲ್ಲ. ನನ್ನ ತಪ್ಪಿಲ್ಲ ಅಂತ ಎದುರಿನವರಿಗೂ ಗೊತ್ತು, ಆದರೂ ನಾನೇ ಕೊಡಬೇಕು. ಬೆಟ್ಟ ಇಳಿಯುವಾಗ "ನಿಯಮ ಸರಿ" ಅಂದೆನಲ್ಲ, ಆ ಮಾತನ್ನು ಅಳಿಸಿಲ್ಲ, ಅಲ್ಲೇ ಬಿಟ್ಟಿದ್ದೇನೆ. ಆದರೆ ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ. 2019ರಲ್ಲಿ ವಾಡಾ ಕೂಡ ಬದಲಾಯಿಸಿತು. ಕ್ಲೆನ್‌ಬ್ಯುಟೆರಾಲ್ ಮಿಲಿಲೀಟರ್‌ಗೆ 5 ನ್ಯಾನೊಗ್ರಾಂಗಿಂತ ಕಡಿಮೆ ಸಿಕ್ಕರೆ ತಕ್ಷಣ ಡೋಪಿಂಗ್ ಅನ್ನೋ ಹಾಗಿಲ್ಲ, ಮಾಂಸದಿಂದ ಬಂದಿರಬಹುದಾ ಅಂತ ಮೊದಲು ತನಿಖೆ ಆಗಬೇಕು. ಕಾಂಟಡೋರ್ ಮೈಯಲ್ಲಿದ್ದದ್ದು ಅದರ ನೂರರಲ್ಲಿ ಒಂದು ಪಾಲು. ಈ ಸಲ ಭಾಗಾಕಾರ ಎರಡು ಸಲ ಮಾಡಿದ್ದೇನೆ. ತನಿಖೆ ಆಗಿದ್ದರೂ ಸ್ಪೇನಿನ ಮಾಂಸ ಅನ್ನೋ ಮಾತು ಎದುರಿಗೆ ಬರುತ್ತಿತ್ತು, ಸರಿ. ಆದರೆ ಕೇಸು ಶುರುವಾಗುತ್ತಿದ್ದ ರೀತಿಯೇ ಬೇರೆ ಇರುತ್ತಿತ್ತು.

ಶ್ಲೆಕ್‌ಗೆ ಹಳದಿ ಜರ್ಸಿ ಕೊಟ್ಟಿದ್ದು 2012ರ ಮೇ ತಿಂಗಳಲ್ಲಿ, ಲಕ್ಸೆಂಬರ್ಗ್‌ನಲ್ಲಿ, ಅವನ ದೇಶದಲ್ಲೇ ಒಂದು ಸಮಾರಂಭ ಮಾಡಿ. ಪ್ಯಾರಿಸ್‌ನ ರಸ್ತೆ ಇಲ್ಲ, ಆ ಜನ ಇಲ್ಲ. ಎರಡು ವರ್ಷಕ್ಕೆ ಮೊಣಕಾಲು ಕೈಕೊಟ್ಟು ನಿವೃತ್ತಿ ಆದ. ಪ್ಯಾರಿಸ್‌ನಲ್ಲಿ ಮೊದಲ ಮೆಟ್ಟಿಲ ಮೇಲೆ ಒಂದು ಸಲವೂ ನಿಲ್ಲಲಿಲ್ಲ. ಇದನ್ನು ಹೇಳುವಾಗ ನನ್ನ ಗೆಳೆಯ ಕಾರಿನ ಕಿಟಕಿಯಿಂದ ಆಚೆ ನೋಡುತ್ತಿದ್ದ. ಮಾತಾಡಲಿಲ್ಲ.

ಈಗ ರಾತ್ರಿ ಒಂಬತ್ತು. ನಾಳೆ ಪೌಗೆ ಹೋಗುತ್ತೇವೆ. 2007ರಲ್ಲಿ ಹಳದಿ ಜರ್ಸಿಯಲ್ಲಿದ್ದ ರಾಸ್‌ಮುಸೆನ್‌ನನ್ನು ಅವನ ತಂಡವೇ ರೇಸಿನಿಂದ ಎಳೆದದ್ದೂ ಅದೇ ಊರಿನಲ್ಲಿ, ಆ ಕಥೆ ನಾಳೆ. ಬ್ಯಾಟರಿ ಕೆಂಪು ತೋರಿಸುತ್ತಿದೆ. ಗೆಳೆಯ ಪಕ್ಕದಲ್ಲಿ ಫೋನ್ ಹಿಡಿದು ಕೂತಿದ್ದಾನೆ, ಆ ಹಳೇ ರೇಸಿನ ಚೈನ್ ಬಿದ್ದ ತುಣುಕನ್ನೇ ನಾಲ್ಕನೇ ಸಲ ಹಾಕಿ ನೋಡುತ್ತಿದ್ದಾನೆ. "ಇಲ್ಲಿ ನೋಡೋ, ಚೈನ್ ಬಿದ್ದಿದ್ದು ಕಾಂಟಡೋರ್‌ಗೆ ಕಂಡಿದೆ" ಅನ್ನುತ್ತಿದ್ದಾನೆ. ಕೊಡು ಇಲ್ಲಿ, ನೋಡ್ತೀನಿ.